ಹಿಂದೆ ಕೂತವಳ ಬೆನ್ನು

ನಮ್ ಗಾಡಿ 650 ಸಿಸಿ, ಖಾಲಿ ಇದ್ರೇನೇ 240 ಕೆಜಿ ಹತ್ರ, ಅದ್ರ ಮೇಲೆ ನಾನು, ನನ್ನವಳು, ಎರಡು ಸ್ಯಾಡಲ್ ಬ್ಯಾಗು. ಹೋದ್ಸಲ ಉಜಿರೆಯಿಂದ ಚಾರ್ಮಾಡಿ ಹತ್ತುವಾಗ ಒಂದೊಂದು ತಿರುವಲ್ಲೂ ಗಾಡಿ ಹೊರಗಡೆ ಎಳೀತಿತ್ತು, ಗುಂಡಿ ಬಂದ್ರೆ ಹಿಂದಿನ ಶಾಕ್ ಅಬ್ಸಾರ್ಬರ್ ಪೂರ್ತಿ ಕುಗ್ಗಿ ತಳ ಮುಟ್ಟಿ ಸೀದಾ ಅವಳ ಬೆನ್ನಿಗೇ ಹೊಡೀತಿತ್ತು. ಹೊಸ ಶಾಕ್ಸ್‌ಗೆ ಅಂತ ದುಡ್ಡು ಕೂಡಿಡೋಕೆ ಶುರು ಮಾಡಿದ್ದೆ.

ಹೋದ ಭಾನುವಾರ ಟೇಪ್ ಹಿಡ್ದು ಹಿಂದಿನ ಚಕ್ರದ ನಡುವಿಂದ ಸೀಟಿನ ತನಕ ಅಳೆದೆ, ಹಿಂದಿನ ಚಕ್ರ ಎತ್ತಿದಾಗ ಎಷ್ಟು, ಲಗೇಜ್ ಸಮೇತ ಇಬ್ರೂ ಕೂತಾಗ ಎಷ್ಟು ಅಂತ. ಹಿಂದಿನ ಚಕ್ರ ಮೇಲೆ-ಕೆಳಗೆ ಆಡೋ ಒಟ್ಟು ದೂರದಲ್ಲಿ (ಟ್ರಾವೆಲ್) ಸುಮಾರು ಮೂರನೇ ಒಂದು ಭಾಗ ಕುಗ್ಗಿದ್ರೆ ಸರಿ, ನಮ್ದು ಅರ್ಧಕ್ಕಿಂತ ಜಾಸ್ತಿ! ಹಿಂದೆ ಅಷ್ಟು ಕುಸಿದ್ರೆ ಮುಂದಿನ ಚಕ್ರ ಹಿಡ್ದಿರೋ ಫೋರ್ಕ್ ಇನ್ನೂ ಓರೆಯಾಗುತ್ತೆ, ಮುಂದಿನ ಟೈರ್ ಮೇಲೆ ಭಾರ ಕಮ್ಮಿಯಾಗುತ್ತೆ, ಆಮೇಲೆ ತಿರುಗು ಅಂದ್ರೆ ಎಲ್ಲಿ ತಿರುಗುತ್ತೆ ಪಾಪ. ಸಿ-ಸ್ಪ್ಯಾನರ್ ತಗೊಂಡು ಎರಡೂ ಶಾಕ್‌ಗೆ ಸಮವಾಗಿ ಪ್ರೀಲೋಡ್, ಅಂದ್ರೆ ಸ್ಪ್ರಿಂಗ್‌ನ ಮೊದಲೇ ಒತ್ತಿಡೋ ಬಿಗಿ, ಏರಿಸ್ದೆ, ಟೈರ್ ತಣ್ಣಗಿರುವಾಗ್ಲೇ ಇಬ್ಬರ ಲೋಡಿಗೆ ಮ್ಯಾನುಯಲ್‌ನಲ್ಲಿರೋ ಅಷ್ಟು ಗಾಳಿ ಹಾಕಿಸ್ದೆ. ಅಷ್ಟೇ, ಒಂದು ರೂಪಾಯಿ ಪಾರ್ಟ್ ಹಾಕಿಲ್ಲ.

ಇಷ್ಟು ದಿನ ಗಾಡಿ ಹೇಗಿದೆ ಅಂತ ನನ್ನ ಕೈಗಷ್ಟೇ ಕೇಳ್ತಿದ್ದೆ, ಹಿಂದೆ ಕೂತವಳನ್ನ ಕೇಳೇ ಇರ್ಲಿಲ್ಲ ಅನ್ನೋದು ಮನಸ್ಸಿಗೆ ಚುಚ್ತಾ ಇತ್ತು. ನಿನ್ನೆ ಅದೇ ಘಾಟಿ ಹತ್ತಿ ಕೊಟ್ಟಿಗೆಹಾರದಲ್ಲಿ ನೀರ್ ದೋಸೆಗೆ ನಿಲ್ಲಿಸ್ದಾಗ ಅವಳೇ ಅಂದ್ಲು, "ಇವತ್ತು ಕಾಡು ನೋಡ್ಕೊಂಡ್ ಬಂದೆ ರೀ".