448, ಎರಡನೇ ಸಲ

17 ನವೆಂಬರ್ 2024, ಭಾನುವಾರ

ಇವತ್ತು ಕ್ಯಾಲ್ಕ್ಯುಲೇಟರ್ ಮುಟ್ಟಲಿಲ್ಲ. ಪೆನ್ಸಿಲ್, ಹಾಳೆ ಇಟ್ಟುಕೊಂಡು 4294967297 ಅನ್ನು ಕೈಯಲ್ಲೇ ಭಾಗಿಸುತ್ತ ಕೂತೆ. 429 ಕೋಟಿ 49 ಲಕ್ಷ 67 ಸಾವಿರದ 297. ಎರಡರ 32ನೇ ಘಾತಕ್ಕೆ ಒಂದು ಕೂಡಿಸಿದರೆ ಸಿಗುವ ಸಂಖ್ಯೆ ಇದು.

ಈ ಸಾಲಿನಲ್ಲಿ ಇದಕ್ಕಿಂತ ಮೊದಲು ಬರುವವು 3, 5, 17, 257, 65537. ಎರಡರ ಘಾತ 1, 2, 4, 8, 16 ಎಂದು ದುಪ್ಪಟ್ಟಾಗುತ್ತದೆ, ಪ್ರತಿ ಸಲ ಒಂದು ಕೂಡಿಸಬೇಕು. ಐದೂ ಅವಿಭಾಜ್ಯ, ಅಂದರೆ 1 ಮತ್ತು ತನ್ನನ್ನು ಬಿಟ್ಟು ಬೇರೆ ಯಾವುದರಿಂದಲೂ ಭಾಗವಾಗದ ಸಂಖ್ಯೆಗಳು. ಮುಂದಿನವೂ ಹಾಗೇ ಇರುತ್ತವೆ ಎಂದು 17ನೇ ಶತಮಾನದಲ್ಲಿ ಗಣಿತಜ್ಞ ಫರ್ಮಾ ನಂಬಿದ್ದ. ಆ ಐದನ್ನು ನೋಡಿದವರು ಯಾರಾದರೂ ನಂಬುತ್ತಾರೆ, ನಾನೂ ನಂಬುತ್ತಿದ್ದೆ. ಆರನೆಯದಾದ ಈ 4294967297 ಅನ್ನು 1732ರಲ್ಲಿ ಗಣಿತಜ್ಞ ಆಯ್ಲರ್ ಎರಡು ಸಂಖ್ಯೆಗಳ ಗುಣಲಬ್ಧವಾಗಿ ಒಡೆದ.

ಹೇಗೆ ಒಡೆದ ಎಂಬುದೇ ನನಗೆ ಮುಖ್ಯ. ಒಡೆಯುವ ಸಂಖ್ಯೆಯಾದರೆ ಒಂದು ಅವಿಭಾಜ್ಯ ಭಾಜಕ ವರ್ಗಮೂಲದೊಳಗೇ ಸಿಗಬೇಕು; ಇದರ ವರ್ಗಮೂಲ 65536ಕ್ಕಿಂತ ಕೂದಲೆಳೆಯಷ್ಟು ಹೆಚ್ಚು. ಅಲ್ಲಿಯವರೆಗೆ 6542 ಅವಿಭಾಜ್ಯಗಳಿವೆ. ಒಂದೊಂದನ್ನೂ ಪರೀಕ್ಷಿಸುತ್ತ ಹೋದರೆ ವರ್ಷವೇ ಬೇಕಾದೀತು. ಆದರೆ ಈ ಸಂಖ್ಯೆಯನ್ನು ಭಾಗಿಸುವ ಅವಿಭಾಜ್ಯ ಯಾವುದೇ ಇರಲಿ, ಅದನ್ನು 64ರಿಂದ ಭಾಗಿಸಿದರೆ 1 ಉಳಿಯಲೇಬೇಕು ಎಂದು ಆಯ್ಲರ್ ಸಾಧಿಸಿ ತೋರಿಸಿದ್ದಾನೆ. ಆ ಜರಡಿ ಹಿಡಿದರೆ ಮೊದಲಿಗೆ ಉಳಿಯುವುದು 193, 257, 449, 577, 641.

193ಕ್ಕೆ ಶೇಷ 109. 257ಕ್ಕೆ ಬರೀ 2! 449ಕ್ಕೆ 325, 577ಕ್ಕೆ 288.

ಆಮೇಲೆ 641. 4294ರಲ್ಲಿ ಆರು ಸಲ ಹೋಗಿ 448 ಉಳಿಯಿತು. 9 ಇಳಿಸಿದೆ, 4489. ಏಳು ಸಲ, ಉಳಿದದ್ದು 2. ಮುಂದೆ ಎರಡು ಸೊನ್ನೆ, ನಂತರ 4, 1. ಅಲ್ಲಿ ಮತ್ತೆ ಅದೇ 448 ಉಳಿಯಿತು. ಪೆನ್ಸಿಲ್ ಅಲ್ಲೇ ನಿಂತಿತು. ಮೊದಲ ಸಲ ಎರಡೇ ಎರಡು ಹೆಚ್ಚಾಗಿತ್ತು. ಈಗ ಇಳಿಸಬೇಕಾದದ್ದು 9 ಅಲ್ಲ, 7. ಅಂದರೆ 4487, ಸರಿಯಾಗಿ 641ರ ಏಳರಷ್ಟು. ಶೇಷ ಸೊನ್ನೆ. ಭಾಗಲಬ್ಧ 6700417. ಇನ್ನೂರ ತೊಂಬತ್ತಕ್ಕೂ ಹೆಚ್ಚು ವರ್ಷಗಳಿಂದ ಗೊತ್ತಿರುವ ಉತ್ತರ, ಆದರೂ ಮೈ ಜುಮ್ಮೆಂದಿತು.

ಭಾಗಿಸದೆಯೂ ಇದನ್ನು ಕಾಣಬಹುದು. 641 ಅಂದರೆ 5×2⁷ಕ್ಕೆ 1 ಕೂಡಿಸಿದ್ದು; 5⁴ಕ್ಕೆ 2⁴ ಕೂಡಿಸಿದರೂ, ಅಂದರೆ 625ಕ್ಕೆ 16 ಸೇರಿಸಿದರೂ, ಅದೇ 641. ಹಾಗಾಗಿ 641ರಿಂದ ಭಾಗಿಸಿ ಉಳಿಯುವ ಶೇಷಗಳ ಲೆಕ್ಕದಲ್ಲಿ 5×2⁷ ಎಂಬುದು −1, ಏಕೆಂದರೆ ಅದು 641ಕ್ಕಿಂತ ಒಂದು ಕಡಿಮೆ. ನಾಲ್ಕನೇ ಘಾತಕ್ಕೇರಿಸಿದರೆ 5⁴×2²⁸ ಎಂಬುದು 1. 5⁴ರ ಜಾಗದಲ್ಲಿ −2⁴ ಇಟ್ಟರೆ −2³² ಎಂಬುದು 1 ಆಗುತ್ತದೆ, ಅಂದರೆ 2³²+1ಕ್ಕೆ ಶೇಷವೇ ಇಲ್ಲ. ಎರಡು ಸಾಲಿನ ಈ ಸಾಧನೆಗಿಂತ ಚೆಂದದ್ದನ್ನು ನಾನು ಕಂಡಿಲ್ಲ. ಆದರೆ 641 ಮೊದಲೇ ಕೈಯಲ್ಲಿರುವವರಿಗೆ ಮಾತ್ರ ಇದು ತೆರೆದುಕೊಳ್ಳುತ್ತದೆ. ಹುಡುಕುವವನಿಗೆ ಆ ಜರಡಿಯೇ ಗತಿ.

ಉಳಿದ 6700417 ಅವಿಭಾಜ್ಯ ಎಂಬುದು ಗೊತ್ತು. ಅದನ್ನೂ ಕೈಯಾರೆ ನೋಡಿಬಿಡುವ ಆಸೆ. ಅದರ ಭಾಜಕಗಳಿಗೂ 64ರ ನಿಯಮವೇ ಅನ್ವಯಿಸುತ್ತದೆ, ವರ್ಗಮೂಲ 2588ರ ಹತ್ತಿರ. 641ಕ್ಕಿಂತ ಚಿಕ್ಕವನ್ನು ಆಗಲೇ ನೋಡಿಯಾಗಿದೆ. ಆದ್ದರಿಂದ ಬಾಕಿ ಇದ್ದದ್ದು ಏಳೇ ಏಳು: 641 ಮತ್ತೊಮ್ಮೆ, ಆಮೇಲೆ 769, 1153, 1217, 1409, 1601, 2113.

641ಕ್ಕೆ 44 ಉಳಿಯಿತು, 769ಕ್ಕೆ 120. ಕಣ್ಣು ಎಳೆಯುತ್ತಿದೆ, 1153 ನಾಳೆಗೆ.