ರಾಕೆಟ್ ಬೇರೆ, ನೌಕೆ ಬೇರೆ

'ರಾಕೆಟ್ ಮಂಗಳಕ್ಕೆ ಹೋಯಿತು' ಅನ್ನುವ ಮಾತು ಬೆಂಗಳೂರಿನಲ್ಲೂ ಕಿವಿಗೆ ಬೀಳುತ್ತದೆ. ಉಪಗ್ರಹ ಕಟ್ಟುವ ಊರು ಇದು, ಇಲ್ಲಾದರೂ ಪದಗಳು ಸರಿಯಾಗಿರಲಿ. ರಾಕೆಟ್ ಅಂದರೆ ಉಡಾವಣಾ ವಾಹನ. 2013ರ ನವೆಂಬರ್ 5ರಂದು ಶ್ರೀಹರಿಕೋಟಾದಿಂದ ಎದ್ದ ಪಿಎಸ್‌ಎಲ್‌ವಿ ರಾಕೆಟ್ಟಿನ ಕೆಲಸ ಮುಕ್ಕಾಲು ಗಂಟೆಯೊಳಗೆ ಮುಗಿಯಿತು. ಮಂಗಳಕ್ಕೆ ಹೋದದ್ದು ಅದು ಬಿಟ್ಟುಕೊಟ್ಟ 1,337 ಕೆ.ಜಿ. ತೂಕದ ಮಂಗಳಯಾನ ನೌಕೆ.

ಆ ತೂಕದಲ್ಲಿ 852 ಕೆ.ಜಿ. ನೋದಕವೇ. ಇದನ್ನು ಬರೀ 'ಇಂಧನ' ಅಂದರೆ ಅರ್ಧ ಹೇಳಿದಂತೆ. ಮೇಲೆ ಗಾಳಿಯಿಲ್ಲ, ಹಾಗಾಗಿ ಉರಿಸುವ ಉತ್ಕರ್ಷಕವನ್ನೂ ಇನ್ನೊಂದು ಟ್ಯಾಂಕಿನಲ್ಲಿ ಹೊತ್ತೇ ಹೋಗಬೇಕು. ಇಂಧನ, ಉತ್ಕರ್ಷಕ ಎರಡೂ ಸೇರಿದರೆ ನೋದಕ. ಈ ನೌಕೆಯಲ್ಲಿದ್ದ ಜೋಡಿಗೆ ಕಿಡಿಯೂ ಬೇಡ, ಒಂದಕ್ಕೊಂದು ತಾಕಿದರೆ ಹೊತ್ತಿಕೊಳ್ಳುತ್ತದೆ.

ಹೆಚ್ಚು ಗೊಂದಲ 'ಕಕ್ಷೆ ಎತ್ತರಿಸುವುದು' ಅನ್ನುವುದರಲ್ಲಿ. ನೌಕೆಯ ಮೂತಿ ಮೇಲಕ್ಕೆ ತಿರುಗಿಸಿ ಎಂಜಿನ್ ಹಚ್ಚುವುದಲ್ಲ ಅದು. ಮೊಟ್ಟೆಯಾಕಾರದ ಕಕ್ಷೆಯಲ್ಲಿ ಭೂಮಿಗೆ ತೀರಾ ಹತ್ತಿರದ ಜಾಗ ಪೆರಿಜಿ, ತೀರಾ ದೂರದ್ದು ಅಪೊಜಿ. ಪೆರಿಜಿಯಲ್ಲಿ, ಸಾಗುತ್ತಿರುವ ದಿಕ್ಕಿಗೇ ನೂಕಿದರೆ ಆಚೆ ತುದಿಯ ಅಪೊಜಿ ಮೇಲೇರುತ್ತದೆ. ವೇಗ ಅತಿ ಹೆಚ್ಚಿರುವುದು ಪೆರಿಜಿಯಲ್ಲೇ, ಅಷ್ಟೇ ನೋದಕಕ್ಕೆ ಹೆಚ್ಚು ಶಕ್ತಿ ದಕ್ಕುವುದೂ ಅಲ್ಲೇ. ನೂಕುವ ಎಂಜಿನ್ 440 ನ್ಯೂಟನ್‌ನದು, ಅಂದರೆ ನೆಲದ ಮೇಲೆ 45 ಕೆ.ಜಿ. ಮೂಟೆಯನ್ನು ಎತ್ತಿ ಹಿಡಿಯುವಷ್ಟು ಬಲ. ಅದಕ್ಕೇ ಒಂದೇ ಸಲಕ್ಕೆ ಆಗದೆ, ಕಂತುಕಂತಾಗಿ ನೂಕಬೇಕಾಯಿತು.

ನಾಲ್ಕನೆಯ ಕಂತು ಎಡವಿತು. ನವೆಂಬರ್ 11ರಂದು ಸೆಕೆಂಡಿಗೆ 130 ಮೀಟರ್ ವೇಗ ಕೂಡಬೇಕಿತ್ತು, ಸಿಕ್ಕಿದ್ದು 35. ನೋದಕ ಹರಿಸುವ ಸೊಲೆನಾಯ್ಡ್ ಕವಾಟಕ್ಕೆ, ಅಂದರೆ ವಿದ್ಯುತ್ ಸುರುಳಿಯ ಬಲದಿಂದ ತೆರೆದು ಮುಚ್ಚುವ ಕವಾಟಕ್ಕೆ, ಎರಡು ಸುರುಳಿಗಳಿದ್ದವು, ಒಂದು ಮುಖ್ಯ, ಒಂದು ಬದಲಿ. ಎರಡಕ್ಕೂ ಒಟ್ಟಿಗೆ ವಿದ್ಯುತ್ ಕೊಟ್ಟು ನೋಡಿದಾಗ ಎಂಜಿನ್ನಿಗೆ ಹರಿವೇ ನಿಂತಿತು. ಒಂದು ಲಕ್ಷ ಕಿ.ಮೀ. ಮುಟ್ಟಬೇಕಿದ್ದ ಅಪೊಜಿ 78,276ಕ್ಕೆ ನಿಂತಿತು. ಸುರುಳಿಗಳನ್ನು ಒಂದೊಂದಾಗಿ ಬಳಸಲು ಅಡ್ಡಿಯಿರಲಿಲ್ಲ. ಬದಲಿ ವ್ಯವಸ್ಥೆ ಇಡುವುದಷ್ಟೇ ಸಾಲದು, ಎರಡೂ ಕೂಡಿದಾಗ ಏನಾಗುತ್ತದೆ ಎಂದು ಪರೀಕ್ಷಿಸುವುದೂ ಅಷ್ಟೇ ಮುಖ್ಯ. ಆ ಪರೀಕ್ಷೆ ಭೂಮಿಯ ಬಳಿಯೇ ನಡೆದದ್ದು ಒಳ್ಳೆಯದಾಯಿತು.

ಮರುದಿನ, ನೌಕೆಗಳ ಮೇಲೆ ಕಣ್ಣಿಟ್ಟು ಆದೇಶ ಕಳಿಸುವ ಬೆಂಗಳೂರಿನ ಪೀಣ್ಯದ ಇಸ್ರೋ ಕೇಂದ್ರ ಇಸ್ಟ್ರ್ಯಾಕ್‌ನ ಆದೇಶದಂತೆ ಎಂಜಿನ್ ಮತ್ತೆ ಉರಿಯಿತು, ಅಪೊಜಿ 1,18,642 ಕಿ.ಮೀ.ಗೆ ಏರಿತು. ನವೆಂಬರ್ 30ರ ನಡುರಾತ್ರಿ ಕಳೆದು ಡಿಸೆಂಬರ್ 1 ಹುಟ್ಟಿದ ಮೇಲೆ ಸುಮಾರು 22 ನಿಮಿಷ ಒಂದೇ ಸಮನೆ ಉರಿದು ನೌಕೆಯನ್ನು ಭೂಮಿಯ ಕಕ್ಷೆಯಿಂದ ಹೊರಗೆ ಕಳಿಸಿತು. ಅಲ್ಲಿಂದ ಮುಂದೆ, ಮಂಗಳ ಮುಟ್ಟುವವರೆಗೆ, ಅದು ಸುತ್ತಿದ್ದು ಸೂರ್ಯನನ್ನು; ಬೆಂಗಳೂರು ಬಳಿಯ ಬ್ಯಾಲಾಳುವಿನ 32 ಮೀಟರ್ ಆಂಟೆನಾ ತಟ್ಟೆ ಅದರ ದನಿಗೆ ಕಿವಿಗೊಟ್ಟಿತ್ತು.