70 ಹರ್ಟ್ಸ್‌ಗೆ ಏರಿಸಿದೆ, ಬೆಲ್ಟ್ ನಿಂತೇ ಹೋಯಿತು

ಮೇಂಟೆನೆನ್ಸ್‌ಗೆ ಸೇರಿ ಎರಡನೇ ವರ್ಷ. ಕನ್ವೇಯರ್ ಇನ್ನೂ ಜೋರಾಗಿ ಓಡಬೇಕು ಅಂತ ಪ್ರೊಡಕ್ಷನ್‌ನವರು ದಿನಾ ಕಾಡುತ್ತಿದ್ದರು. 7.5 ಕಿಲೋವ್ಯಾಟ್‌ನ ಇಂಡಕ್ಷನ್ ಮೋಟಾರ್, 1440 ಆರ್‌ಪಿಎಂ, ವಿಎಫ್‌ಡಿ ಮೇಲೆ, ಅಂದರೆ ಫ್ರೀಕ್ವೆನ್ಸಿ ಬದಲಿಸಿ ಮೋಟಾರ್ ವೇಗ ಏರಿಳಿಸುವ ಡ್ರೈವ್ ಮೇಲೆ ಓಡುತ್ತಿತ್ತು. ಇದೇನು ಮಹಾ ಎಂದುಕೊಂಡು ಫ್ರೀಕ್ವೆನ್ಸಿಯನ್ನು 50ರಿಂದ 70 ಹರ್ಟ್ಸ್‌ಗೆ ಏರಿಸಿದೆ. ಖಾಲಿ ಬೆಲ್ಟ್ ಸೊಗಸಾಗಿ ಓಡಿತು. ಮಾಲು ಬಿದ್ದದ್ದೇ ತಡ, ಮುಗ್ಗರಿಸಿತು. ಓವರ್‌ಲೋಡ್, ಟ್ರಿಪ್. ರಿಸೆಟ್ ಒತ್ತಿದೆ. ಮತ್ತೆ ಟ್ರಿಪ್. ಹೀಗೆ ಮೂರು ಸಲ.

ಸೀನಿಯರ್ ಬಂದು, "ನೇಮ್‌ಪ್ಲೇಟ್ ನೋಡಿದೆಯೇನಪ್ಪಾ?" ಎಂದರು. ಕೈಗೆ ಚಾಕ್‌ಪೀಸ್ ಕೊಟ್ಟು ಪ್ಯಾನೆಲ್ ಬಾಗಿಲ ಮೇಲೇ ಲೆಕ್ಕ ಹಾಕಿಸಿದರು. 9550ನ್ನು ಕಿಲೋವ್ಯಾಟ್‌ನಿಂದ ಗುಣಿಸಿ ಆರ್‌ಪಿಎಂನಿಂದ ಭಾಗಿಸಿದರೆ ಟಾರ್ಕ್, ಅಂದರೆ ಮೋಟಾರಿನ ತಿರುಗಿಸುವ ಬಲ ಸಿಗುತ್ತದೆ. ನಮ್ಮದು ಸುಮಾರು 50 ನ್ಯೂಟನ್ ಮೀಟರ್.

50 ಹರ್ಟ್ಸ್‌ವರೆಗೆ ಡ್ರೈವ್ ಫ್ರೀಕ್ವೆನ್ಸಿ ಜೊತೆ ವೋಲ್ಟೇಜನ್ನೂ ಏರಿಸುತ್ತದೆ. ಹಾಗಾಗಿ ಟಾರ್ಕ್ ಕುಗ್ಗುವುದಿಲ್ಲ. ಆಮೇಲೆ ವೋಲ್ಟೇಜ್ ಎಲ್ಲಿಂದ ಬರಬೇಕು? ಸಪ್ಲೈನಲ್ಲಿ ಇರುವುದೇ ಅಷ್ಟು. ಫ್ರೀಕ್ವೆನ್ಸಿ ಒಂದೇ ಏರುತ್ತದೆ, ಒಳಗಿನ ಅಯಸ್ಕಾಂತ ಬಲ ಸೊರಗುತ್ತದೆ. 70 ಹರ್ಟ್ಸ್‌ನಲ್ಲಿ ಉಳಿಯುವ ಟಾರ್ಕ್ ಆ 50 ನ್ಯೂಟನ್ ಮೀಟರ್‌ನ ಏಳರಲ್ಲಿ ಐದು ಪಾಲು, ಅಂದರೆ ಸುಮಾರು 36. ತುಂಬಿದ ಬೆಲ್ಟ್‌ಗೆ ಬೇಕಾದದ್ದು 44. ಅದು ಮೊದಲಿನಿಂದಲೂ ಡ್ರೈವ್ ಡಿಸ್‌ಪ್ಲೇಯಲ್ಲಿ 88 ಪರ್ಸೆಂಟ್ ಅಂತ ಕಾಣಿಸುತ್ತಲೇ ಇತ್ತು. ನಾನು ನೋಡಿರಲಿಲ್ಲ, ಅಷ್ಟೇ.

"ಹಾಗಾದರೆ ಗೇರ್ ಬದಲಿಸೋಣ, ಸರ್" ಎಂದೆ. ಅವರು ನಕ್ಕರು. ಗೇರ್ ವೇಗ ಕೊಟ್ಟರೆ ಟಾರ್ಕ್ ಕಿತ್ತುಕೊಳ್ಳುತ್ತದೆ, ಟಾರ್ಕ್ ಕೊಟ್ಟರೆ ವೇಗ. ಪವರ್ ಮಾತ್ರ ಎಲ್ಲಿಂದಲೂ ತರುವುದಿಲ್ಲ. ಅದೇ ಮಾಲನ್ನು 1.4 ಪಟ್ಟು ವೇಗದಲ್ಲಿ ಎಳೆಯಲು 9 ಕಿಲೋವ್ಯಾಟ್‌ಗೂ ಜಾಸ್ತಿ ಬೇಕು. ಇರುವುದು ಏಳೂವರೆ. ಇನ್ನೇನು ವಾದ ಮಾಡುವುದು?

11 ಕಿಲೋವ್ಯಾಟ್ ಮೋಟಾರ್, ಅದಕ್ಕೆ ತಕ್ಕ ಡ್ರೈವ್ ಹಾಕಿದೆವು. ಗೇರ್‌ಬಾಕ್ಸ್ ಅಷ್ಟು ಇನ್‌ಪುಟ್ ವೇಗ ತಡೆಯುತ್ತದಾ ಅಂತ ಮೊದಲೇ ನೋಡಿಕೊಂಡೆವು. ಈಗ 70ರಲ್ಲೇ ಓಡುತ್ತಿದೆ.

ಕೆಲವು ತಿಂಗಳ ನಂತರ ಅದೇ ಪ್ರೊಡಕ್ಷನ್‌ನವರು ಬಂದು, ಒಂದು ಮಾಲಿಗೆ ಬೆಲ್ಟನ್ನು 15 ಹರ್ಟ್ಸ್‌ನಲ್ಲಿ ಇಡೀ ಶಿಫ್ಟ್ ಓಡಿಸಬೇಕು ಎಂದರು. ಟಾರ್ಕ್ ಇದೆ, ತೊಂದರೆ ಇಲ್ಲ ಅನ್ನಬಹುದಿತ್ತು. ಆದರೆ ಮೋಟಾರ್ ತಣ್ಣಗಿಡುವ ಫ್ಯಾನ್ ಅದೇ ಶಾಫ್ಟ್ ಮೇಲಿದೆ ಅಲ್ವಾ, ಅದೂ ನಿಧಾನವೇ ತಿರುಗುತ್ತದೆ. ಈ ಸಲ ಡ್ರೈವ್ ಮುಟ್ಟುವ ಮೊದಲು ಪ್ರತ್ಯೇಕ ಕೂಲಿಂಗ್ ಫ್ಯಾನ್ ಬೇಕೆಂದು ಇಂಡೆಂಟ್ (ಬೇಡಿಕೆ ಚೀಟಿ) ಬರೆದೆ.